ಪ್ರೋಗ್ರಾಂ ನಿಧಾನ: ಸಮಯ ತಿನ್ನುತ್ತಿರುವ ಫಂಕ್ಷನ್ ಯಾವುದು ಎಂದು ಹುಡುಕುವುದು ಹೇಗೆ?

ಅಕ್ಷರಜೋಡಣೆ:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಇಪ್ಪತ್ತು ವರ್ಷ ಡಿಟಿಪಿ ಸೆಂಟರ್ ನಡೆಸಿದವರು. ಮದುವೆ ಕರೆಯೋಲೆಯಿಂದ ಹಿಡಿದು ಕವನ ಸಂಕಲನದವರೆಗೆ ಅವರು ಕಂಪೋಸ್ ಮಾಡಿದ ಸುಮಾರು 1,400 ಫೈಲ್‌ಗಳು ಮನೆಯಲ್ಲಿವೆ. ಎಲ್ಲವೂ ಹಳೆಯ ನುಡಿ ಫಾಂಟಿನವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಎಲ್ಲದರ ಪಠ್ಯವನ್ನು ಟೆಕ್ಸ್ಟ್ ಫೈಲ್‌ಗಳಾಗಿ ತೆಗೆದಿಟ್ಟು, ಯೂನಿಕೋಡ್‌ಗೆ ತರಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ.

ಕೆಲಸ ಸರಿಯಾಗಿ ಮಾಡುತ್ತದೆ. ಆದರೆ ತುಂಬಾ ನಿಧಾನ. ಎಲ್ಲಕ್ಕಿಂತ ದೊಡ್ಡದು ಒಂದು ಅಭಿನಂದನಾ ಗ್ರಂಥದ ಫೈಲ್. ಅದರಲ್ಲಿ ಅಂಥ ಅಕ್ಷರ, ಚಿಹ್ನೆ ಎಲ್ಲ ಸೇರಿ ಸುಮಾರು 8 ಲಕ್ಷ ಗುರುತುಗಳಿವೆ. ಅದೊಂದಕ್ಕೇ 57 ನಿಮಿಷ ಹಿಡಿಯಿತು.

ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳೇ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರಗಳು) ಕಾರಣ ಅಂದುಕೊಂಡು ಎರಡು ಶನಿವಾರ, ಎರಡು ಭಾನುವಾರ ಕೂತು ಅವನ್ನೆಲ್ಲ ತೆಗೆದೆ. ಒಂದು ನಿಮಿಷವೂ ಉಳಿಯಲಿಲ್ಲ. ಪ್ರೋಗ್ರಾಂ ಎಲ್ಲಿ ಸಮಯ ಕಳೆಯುತ್ತಿದೆ ಎಂದು ನೋಡುವ ಸರಿಯಾದ ದಾರಿ ಯಾವುದು? ಉಬುಂಟು ಲ್ಯಾಪ್‌ಟಾಪ್, ಹಳೆಯ ಹಾರ್ಡ್‌ಡಿಸ್ಕ್.

ಹಳೇಕಂಪೈಲರ್:
ತುಂಬಾ ಒಳ್ಳೆಯ ಕೆಲಸ ಕೈಗೆತ್ತಿಕೊಂಡಿದ್ದೀರಿ. ಇಂಥ ಫೈಲ್‌ಗಳು ಎಷ್ಟೋ ಊರುಗಳಲ್ಲಿ ಹಾಗೇ ಹಾಳಾಗುತ್ತಿವೆ.

ಪ್ರೊಫೈಲರ್‌ಗೆ, ಅಂದರೆ ಯಾವ ಫಂಕ್ಷನ್ ಎಷ್ಟು ಸಮಯ ತಿನ್ನುತ್ತದೆ ಎಂದು ಅಳೆಯುವ ಸಾಧನಕ್ಕೆ, ಕೈ ಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ದೊಡ್ಡ ಫೈಲ್‌ನಿಂದ 20,000, 40,000 ಮತ್ತು 80,000 ಗುರುತುಗಳ ಮೂರು ತುಂಡು ಕತ್ತರಿಸಿ. ಮೂರನ್ನೂ ‘ಟೈಮ್’ ಕಮಾಂಡ್ ಜೊತೆ ಓಡಿಸಿ. ಅದು ಕೊಡುವ ರಿಯಲ್, ಯೂಸರ್, ಸಿಸ್ ಮೂರೂ ಅಂಕಿಗಳನ್ನು ಇಲ್ಲಿ ಹಾಕಿ. ರಿಯಲ್ ಅಂದರೆ ಗೋಡೆ ಗಡಿಯಾರದ ಸಮಯ. ಯೂಸರ್ ಅಂದರೆ ನಿಮ್ಮ ಕೋಡ್‌ಗಾಗಿ ಸಿಪಿಯು ನಿಜವಾಗಿ ದುಡಿದ ಸಮಯ. ಸಿಸ್ ಅಂದರೆ ಆ ಕೋಡ್ ಪರವಾಗಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ದುಡಿದದ್ದು.

ಅಕ್ಷರಜೋಡಣೆ:
ಮಾಡಿದೆ ಸರ್.
20,000ಕ್ಕೆ ರಿಯಲ್ 8 ಸೆಕೆಂಡು, ಯೂಸರ್ 2.
40,000ಕ್ಕೆ ರಿಯಲ್ 20, ಯೂಸರ್ 8.
80,000ಕ್ಕೆ ರಿಯಲ್ 56, ಯೂಸರ್ 32.
ಸಿಸ್ ಮೂರರಲ್ಲೂ ಒಂದು ಸೆಕೆಂಡಿಗಿಂತ ಕಮ್ಮಿ.

ಹಳೇಕಂಪೈಲರ್:
ಯೂಸರ್ ಅಂಕಿಗಳನ್ನು ನೋಡಿ. 2, 8, 32. ಫೈಲ್ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತಿದೆ. ಇದೇ ಲೆಕ್ಕದಲ್ಲಿ ಹೋದರೆ 8 ಲಕ್ಷ ಗುರುತಿಗೆ 3,200 ಸೆಕೆಂಡು, ಅಂದರೆ 53 ನಿಮಿಷ. ನೀವು ಹೇಳಿದ 57ಕ್ಕೆ ಹತ್ತಿರ ಬಂತು.

ಹಾಗಾಗಿ ಪೈಥಾನ್ ನಿಧಾನದ ಭಾಷೆ ಎಂಬ ಮಾತು ಇಲ್ಲಿ ಬೇಡ. ಪ್ರತಿ ಗುರುತಿಗೂ ನಿಮ್ಮ ಪ್ರೋಗ್ರಾಂ ಹಿಂದಿನದನ್ನೆಲ್ಲ ಮತ್ತೆ ಮುಟ್ಟುತ್ತಿದೆ. ಎಲ್ಲಿ ಮುಟ್ಟುತ್ತಿದೆ ಎಂಬುದನ್ನು ಕರೆಗಳ ಲೆಕ್ಕ ಹೇಳುತ್ತದೆ. 80,000ದ ತುಂಡನ್ನು ಸಿಪ್ರೊಫೈಲ್ ಎಂಬ ಪ್ರೊಫೈಲರ್ ಅಡಿ ಓಡಿಸಿ. ಅದು ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಬೇಕಿಲ್ಲ.

ಪಟ್ಟಿಯಲ್ಲಿ ಮೂರು ಕಾಲಂ ಮುಖ್ಯ. ಎನ್‌ಕಾಲ್ಸ್: ಆ ಫಂಕ್ಷನ್ ಎಷ್ಟು ಸಲ ಕರೆಯಲ್ಪಟ್ಟಿತು. ಟಾಟ್‌ಟೈಮ್: ಅದರ ಒಳಗೇ ಕಳೆದ ಸಮಯ, ಅದು ಕರೆದ ಬೇರೆ ಫಂಕ್ಷನ್‌ಗಳದ್ದು ಬಿಟ್ಟು. ಕ್ಯುಮ್‌ಟೈಮ್: ಅದರದ್ದೂ ಅದು ಕರೆದವುಗಳದ್ದೂ ಸೇರಿ ಒಟ್ಟು. ಟಾಟ್‌ಟೈಮ್ ಪ್ರಕಾರ ಜೋಡಿಸಿ ನೋಡಿ.

ಮೈಸೂರುಮಧ್ಯಾಹ್ನ:
ಇಷ್ಟೆಲ್ಲ ಯಾಕೆ? ನಾಲ್ಕು ಕಡೆ ಪ್ರಿಂಟ್ ಹಾಕಿ ಸಮಯ ತೋರಿಸಿದರೆ ಗೊತ್ತಾಗುತ್ತದೆ ಅಲ್ವಾ? ನಾನು ಯಾವಾಗಲೂ ಹಾಗೇ ಮಾಡುವುದು.

ಜಾವಾಮಲ್ಲಿಗೆ:
ಎಲ್ಲಿ ಹಾಕಬೇಕು ಎಂದು ಗೊತ್ತಿದ್ದರೆ ಪ್ರಿಂಟ್ ಸಾಕು, ಒಪ್ಪುತ್ತೇನೆ. ಆದರೆ ನಮಗೆ ಅನುಮಾನ ಇರುವ ಕಡೆಯೇ ನಾವು ಪ್ರಿಂಟ್ ಹಾಕುತ್ತೇವೆ. ಅವರಿಗೆ ಅನುಮಾನ ಇದ್ದದ್ದು ರೆಗ್ಯುಲರ್ ಎಕ್ಸ್‌ಪ್ರೆಶನ್ ಮೇಲೆ. ಪ್ರಿಂಟ್ ಹಾಕಿದ್ದರೂ ಅಲ್ಲೇ ಹಾಕುತ್ತಿದ್ದರು. ಪ್ರೊಫೈಲರ್‌ಗೆ ನಮ್ಮ ಅನುಮಾನ ಏನೆಂದು ಗೊತ್ತಿಲ್ಲ. ಅದಕ್ಕೇ ಅದು ಎಲ್ಲ ಕಡೆ ನೋಡುತ್ತದೆ.

ಅಕ್ಷರಜೋಡಣೆ:
ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ ಇರುವುದು ಸ್ಟ್ರಿಂಗ್‌ನ ‘ಜಾಯಿನ್’. 80,000 ಕರೆ, ಟಾಟ್‌ಟೈಮ್ 31 ಸೆಕೆಂಡು. ನನಗೆ ಆಶ್ಚರ್ಯ. ತುಂಡು ಅಕ್ಷರ ಸೇರಿಸಲು ಜಾಯಿನ್ ಬಳಸುವುದೇ ವೇಗದ ದಾರಿ ಎಂದು ಎಲ್ಲ ಕಡೆ ಓದಿದ್ದೆ. ಅದಕ್ಕಿಂತ ವೇಗದ್ದು ಬೇರೆ ಏನಾದರೂ ಇದೆಯಾ?

ಹಳೇಕಂಪೈಲರ್:
ಇಲ್ಲೇ ಒಂದು ನಿಮಿಷ ನಿಲ್ಲಿ. ಜಾಯಿನ್ ಬಿಟ್ಟು ಬೇರೆ ಹುಡುಕಲು ಹೊರಟರೆ ಇನ್ನೆರಡು ವಾರ ಹೋಗುತ್ತದೆ. ಜಾಯಿನ್ ತಪ್ಪು ಮಾಡಿಲ್ಲ. ಅದನ್ನು ಯಾರೋ 80,000 ಸಲ ಕರೆದಿದ್ದಾರೆ. ಕರೆದವರು ಯಾರು ಎಂದು ಕೇಳಿ.

ಇದು ಹಳೆಯ ಪಾಠ. ಯೂನಿಕ್ಸ್‌ನಲ್ಲಿ ಮೊದಲು ‘ಪ್ರೊಫ್’ ಎಂಬ ಸಾಧನ ಇತ್ತು. ಯಾವ ಫಂಕ್ಷನ್ ಎಷ್ಟು ಸಮಯ ತಿಂದಿತು ಎಂಬ ಬರೀ ಪಟ್ಟಿ ಕೊಡುತ್ತಿತ್ತು. ಪ್ರೋಗ್ರಾಂಗಳು ದೊಡ್ಡವಾಗಿ, ಸಣ್ಣ ಸಣ್ಣ ಫಂಕ್ಷನ್‌ಗಳಾಗಿ ಒಡೆದುಕೊಂಡ ಮೇಲೆ ಆ ಪಟ್ಟಿಯಿಂದ ಏನೂ ತಿಳಿಯದಂತಾಯಿತು. ಎಲ್ಲರೂ ಕರೆಯುವ ಸಾಮಾನ್ಯ ಫಂಕ್ಷನ್‌ಗಳೇ ಮೇಲೆ ಬಂದು ಕೂರುತ್ತಿದ್ದವು. ಅದಕ್ಕಾಗಿ ಬರ್ಕ್‌ಲಿಯಲ್ಲಿ ಸೂಸನ್ ಗ್ರಹಾಂ, ಪೀಟರ್ ಕೆಸ್ಲರ್ ಮತ್ತು ಮಾರ್ಷಲ್ ಕಿರ್ಕ್ ಮೆಕ್ಯೂಸಿಕ್ ಸೇರಿ ‘ಜಿಪ್ರೊಫ್’ ಮಾಡಿದರು. 1982ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಒಂದು ಫಂಕ್ಷನ್ ಕಳೆದ ಸಮಯವನ್ನು ಅದನ್ನು ಕರೆದವರ ಖಾತೆಗೂ ಬರೆಯುವುದು ಅವರ ದಾರಿ. ಮಗ ಮಾಡಿದ ಖರ್ಚು ಅಪ್ಪನ ಲೆಕ್ಕದಲ್ಲೂ ಕಾಣುವ ಹಾಗೆ.

ನೀವು ಈಗ ಮಾಡಬೇಕಾದದ್ದು ಅದನ್ನೇ. ಸಿಪ್ರೊಫೈಲ್ ಫಲಿತಾಂಶವನ್ನು ಫೈಲ್‌ಗೆ ಬರೆಸಿ. ಆ ಫೈಲ್ ಓದುವ ಪಿಸ್ಟ್ಯಾಟ್ಸ್‌ನಲ್ಲಿ ತೆರೆದು, ಪ್ರಿಂಟ್ ಕಾಲರ್ಸ್ ಎಂಬುದನ್ನು ಜಾಯಿನ್ ಹೆಸರು ಕೊಟ್ಟು ಕರೆಯಿರಿ.

ಅಕ್ಷರಜೋಡಣೆ:
ಸಿಕ್ಕಿತು ಸರ್! ಕರೆಯುತ್ತಿರುವುದು ‘ಕೊನೆಯ ಅಕ್ಷರ’ ಎಂದು ನಾನೇ ಬರೆದ ಪುಟ್ಟ ಫಂಕ್ಷನ್. ಎರಡೇ ಸಾಲು. ಅದರ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ.

ಅದು ಯಾಕೆ ಬೇಕು ಎಂದು ಹೇಳುತ್ತೇನೆ. ನುಡಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. ‘ಕ್ರಿಯೆ’ ಎಂಬುದರಲ್ಲಿ ಮೊದಲು ‘ಕಿ’, ಆಮೇಲೆ ರ ಒತ್ತು. ಯೂನಿಕೋಡ್‌ನಲ್ಲಿ ಒತ್ತು ಮೊದಲು, ಗುಡಿಸು ಆಮೇಲೆ. ಹಾಗಾಗಿ ಒತ್ತು ಬಂದಾಗಲೆಲ್ಲ ಹಿಂದೆ ತಿರುಗಿ, ಕೊನೆಯಲ್ಲಿ ಸ್ವರ ಚಿಹ್ನೆ ಇದೆಯಾ ಎಂದು ನೋಡಬೇಕು. ಇದ್ದರೆ ಸ್ಥಾನ ಅದಲು ಬದಲು ಮಾಡಬೇಕು. ಅರ್ಕಾವೊತ್ತಿಗೂ ಹೀಗೇ, ಅದು ಅಕ್ಷರಕ್ಕಿಂತ ಮೊದಲು ಹೋಗಬೇಕು.

ಈ ‘ಕೊನೆಯ ಅಕ್ಷರ’ ಫಂಕ್ಷನ್ ಇಲ್ಲಿಯವರೆಗಿನ ತುಂಡುಗಳ ಪಟ್ಟಿಯನ್ನೆಲ್ಲ ಜಾಯಿನ್ ಮಾಡಿ, ಬಂದ ಉದ್ದದ ಸ್ಟ್ರಿಂಗ್‌ನ ಕೊನೆಯ ಒಂದು ಅಕ್ಷರ ತೆಗೆದು ಕೊಡುತ್ತದೆ. ಅದೂ ಒತ್ತು ಬಂದಾಗ ಮಾತ್ರ ಅಲ್ಲ, ಪ್ರತಿ ಗುರುತಿಗೂ!

ಹಳೇಕಂಪೈಲರ್:
ಅದೇ. ಕೊನೆಯ ಪುಟ ನೋಡಲು ಪ್ರತಿ ಸಲ ಇಡೀ ಪುಸ್ತಕ ಹೊಸದಾಗಿ ನಕಲು ಮಾಡಿದ ಹಾಗೆ. ಪಟ್ಟಿಯ ಕೊನೆಯ ತುಂಡನ್ನು ಮಾತ್ರ ನೋಡಿದರೆ ಸಾಕು.

ಒಂದು ಮಾತು ಸೇರಿಸಬೇಕು. ನಿಮ್ಮ ಅದೃಷ್ಟಕ್ಕೆ ಇಲ್ಲಿ ನಕಲು ಮಾಡಿದ್ದು ಜಾಯಿನ್ ಎಂಬ ಒಂದು ಕರೆ. ಅದಕ್ಕೇ ಸಿಪ್ರೊಫೈಲ್ ಕಣ್ಣಿಗೆ ಬಿತ್ತು. ಉಳಿದ ಪಠ್ಯವನ್ನು ಪ್ರತಿ ಸಲ ಕತ್ತರಿಸಿ ಹೊಸ ಸ್ಟ್ರಿಂಗ್ ಮಾಡಿಕೊಳ್ಳುವ ಕೋಡ್ ಆಗಿದ್ದರೆ? ಸ್ಟ್ರಿಂಗ್ ಕತ್ತರಿಸುವುದು ಫಂಕ್ಷನ್ ಕರೆಯಾಗಿ ಪಟ್ಟಿಗೆ ಬರುವುದಿಲ್ಲ. ಆ ಸಮಯವೆಲ್ಲ ಹೊರಗಿನ ಫಂಕ್ಷನ್‌ನ ಟಾಟ್‌ಟೈಮ್‌ನಲ್ಲಿ ಕರಗಿಬಿಡುತ್ತದೆ. ಒಂದು ಫಂಕ್ಷನ್ ಯಾರನ್ನೂ ಜಾಸ್ತಿ ಕರೆಯದೆ ತಾನೇ ಸಮಯ ತಿನ್ನುತ್ತಿದೆ ಎಂದು ಕಂಡರೆ, ಸಾಲು ಸಾಲಾಗಿ ಅಳೆಯುವ ಲೈನ್ ಪ್ರೊಫೈಲರ್ ಬಳಸಿ. ಕರೆಗಳ ಲೆಕ್ಕಕ್ಕೆ ಫಂಕ್ಷನ್ ಒಳಗಿನ ಸಾಲು ಕಾಣುವುದಿಲ್ಲ.

ಹೊಸಬ2ನೇವರ್ಷ:
ಸರ್, ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಇಷ್ಟು ಚಿಕ್ಕ ತಪ್ಪು ದೊಡ್ಡ ಕಂಪನಿಗಳ ಕೋಡ್‌ನಲ್ಲೂ ಇರುತ್ತದಾ?

ಜಾವಾಮಲ್ಲಿಗೆ:
ಇರುತ್ತದೆ. ಜಿಟಿಎ ಆನ್‌ಲೈನ್ ಆಟದ ವಿಷಯ ಕೇಳಿಲ್ವಾ? ಆಟ ತೆರೆದುಕೊಳ್ಳಲು ಹಲವರಿಗೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು, ವರ್ಷಾನುಗಟ್ಟಲೆ ಹಾಗೇ ಇತ್ತು. 2021ರ ಫೆಬ್ರುವರಿಯಲ್ಲಿ ಆಟವಾಡುವವರೊಬ್ಬರು, ಕಂಪನಿಯ ಮೂಲ ಕೋಡ್ ಕೈಯಲ್ಲಿ ಇಲ್ಲದಿದ್ದರೂ, ಪ್ರೊಫೈಲರ್ ಹಾಕಿ ನೋಡಿದರು.

ಆಟ ಶುರುವಾಗುವಾಗ ಸುಮಾರು 10 ಎಂಬಿಯ ಒಂದು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಇಡುವ ರೂಪ) ಫೈಲ್ ಓದುತ್ತಿತ್ತು. ಅದರಲ್ಲಿ ಸುಮಾರು 63,000 ಸಾಮಾನುಗಳ ವಿವರ. ಒಂದೊಂದು ತುಂಡು ಓದಲು ‘ಎಸ್‌ಸ್ಕ್ಯಾನ್‌ಎಫ್’ ಕರೆಯುತ್ತಿದ್ದರು. ಅದು ಒಳಗೆ ‘ಸ್ಟ್ರ್‌ಲೆನ್’ ಕರೆದು, ಉಳಿದ ಇಡೀ ಪಠ್ಯದ ಉದ್ದವನ್ನು ಪ್ರತಿ ಸಲ ಎಣಿಸುತ್ತಿತ್ತು. ನಮ್ಮ ಅಕ್ಷರಜೋಡಣೆಯವರ ಜಾಯಿನ್ ಕತೆಯೇ. ಇನ್ನೊಂದು ಕಡೆ, ಒಂದೊಂದು ಸಾಮಾನು ಪಟ್ಟಿಗೆ ಸೇರಿಸುವಾಗಲೂ ಅದು ಮೊದಲೇ ಇದೆಯಾ ಎಂದು ಇಡೀ ಪಟ್ಟಿ ಹುಡುಕುತ್ತಿತ್ತು. 63,000ಕ್ಕೆ ಲೆಕ್ಕ ಹಾಕಿದರೆ ಸುಮಾರು 198 ಕೋಟಿ ಹೋಲಿಕೆ.

ಎರಡನ್ನೂ ಅವರು ತಮ್ಮ ಕಂಪ್ಯೂಟರಿನಲ್ಲಿ ಸರಿಪಡಿಸಿಕೊಂಡಾಗ 6 ನಿಮಿಷ ಇದ್ದದ್ದು 1 ನಿಮಿಷ 50 ಸೆಕೆಂಡಿಗೆ ಇಳಿಯಿತು. ಮುಂದಿನ ತಿಂಗಳೇ ರಾಕ್‌ಸ್ಟಾರ್ ಕಂಪನಿ ಅದನ್ನು ಒಪ್ಪಿ ಆಟದಲ್ಲೂ ಸರಿಪಡಿಸಿತು. ಅವರಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು.

ಸ್ಟ್ರ್‌ಲೆನ್‌ನಲ್ಲಿ ದೋಷ ಇರಲಿಲ್ಲ ನೋಡಿ. ಎಷ್ಟು ಉದ್ದದ ಪಠ್ಯದ ಮೇಲೆ, ಎಷ್ಟು ಸಲ, ಯಾರು ಕರೆದರು ಎಂಬುದರಲ್ಲಿತ್ತು.

ಹೊಸಬ2ನೇವರ್ಷ:
ಥ್ಯಾಂಕ್ಸ್ ಅಕ್ಕ. ಕ್ಲಾಸಿನಲ್ಲಿ ಎನ್ ಸ್ಕ್ವೇರ್ (ಇನ್‌ಪುಟ್ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು) ಎಂದು ಬರೆದುಕೊಂಡಿದ್ದೆ. ಅದು ಹೀಗೆ ಕಾಣುತ್ತದೆ ಎಂದು ಈಗ ಗೊತ್ತಾಯಿತು.

ಕರ್ನಲ್‌ಕಟ್ಟೆ:
ಅಕ್ಷರಜೋಡಣೆಯವರೇ, ಜಾಯಿನ್ ಸರಿಪಡಿಸಿದ ಮೇಲೂ ನಿಮ್ಮ ಕೆಲಸ ಮುಗಿಯುವುದಿಲ್ಲ ಅನ್ನಿಸುತ್ತದೆ. ನೀವೇ ಕೊಟ್ಟ ಅಂಕಿ ಇನ್ನೊಮ್ಮೆ ನೋಡಿ. 20,000ದ ತುಂಡಿಗೆ ರಿಯಲ್ 8, ಯೂಸರ್ 2. ಉಳಿದ 6 ಸೆಕೆಂಡು ಎಲ್ಲಿ ಹೋಯಿತು? 40,000ಕ್ಕೆ ವ್ಯತ್ಯಾಸ 12. 80,000ಕ್ಕೆ 24. ಇದು ನಾಲ್ಕು ಪಟ್ಟಾಗುತ್ತಿಲ್ಲ, ಎರಡು ಪಟ್ಟಾಗುತ್ತಿದೆ. ಅಂದರೆ ಇದು ಬೇರೆಯೇ ಕಾಯಿಲೆ. ಸಿಪಿಯು ದುಡಿಯುತ್ತಿಲ್ಲ, ಏನಕ್ಕೋ ಕಾಯುತ್ತಾ ಕೂತಿದೆ.

ಎಸ್‌ಟ್ರೇಸ್ ಎಂಬ ಸಾಧನ ಇದೆ. ನಿಮ್ಮ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಪ್ರತಿ ಕರೆಯನ್ನೂ ಅದು ಹಿಡಿಯುತ್ತದೆ. ಮೈನಸ್ ಸಿ ಕೊಟ್ಟರೆ ಯಾವ ಕರೆ ಎಷ್ಟು ಸಲ ಎಂಬ ಪಟ್ಟಿ. ಅದರ ಸೆಕೆಂಡು ಕಾಲಂ ಸುಮ್ಮನೆ ಬಿಟ್ಟರೆ ಸಿಪಿಯು ಸಮಯ ಮಾತ್ರ ತೋರಿಸುತ್ತದೆ. ಕಾದ ಸಮಯವೂ ಬೇಕೆಂದರೆ ಸಣ್ಣ ಡಬ್ಲ್ಯೂ ಸೇರಿಸಿ.

ಅಕ್ಷರಜೋಡಣೆ:
ಮೊದಲು ಜಾಯಿನ್ ತೆಗೆದೆ. 57 ನಿಮಿಷದ ಫೈಲ್ ಈಗ 4 ನಿಮಿಷ 10 ಸೆಕೆಂಡು! ಅಪ್ಪನಿಗೆ ತೋರಿಸಿದೆ, ಅವರೂ ಖುಷಿಪಟ್ಟರು.

ಆದರೆ ಕರ್ನಲ್‌ಕಟ್ಟೆ ಸರ್ ಹೇಳಿದ್ದು ನಿಜ. ರಿಯಲ್ 4 ನಿಮಿಷ 10 ಸೆಕೆಂಡು, ಯೂಸರ್ ಬರೀ 9 ಸೆಕೆಂಡು. ಎಸ್‌ಟ್ರೇಸ್ ಪಟ್ಟಿಯಲ್ಲಿ ‘ಎಫ್‌ಸಿಂಕ್’ 16,000 ಸಲ, ಒಟ್ಟು ಸುಮಾರು 240 ಸೆಕೆಂಡು. ಹೊಸದಾಗಿ ಸಿಪ್ರೊಫೈಲ್ ಓಡಿಸಿದೆ, ಅದರಲ್ಲೂ ಈಗ ಎಫ್‌ಸಿಂಕ್ ಮೊದಲ ಸಾಲು.

ಅದನ್ನು ಬೇಕಂತಲೇ ಹಾಕಿದ್ದೆ. ನಮ್ಮ ಊರಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷವಾಯಿತು. ಒಂದು ಸಲ ಅರ್ಧ ಪರಿವರ್ತನೆಯಾದ ಫೈಲ್ ಕಳೆದುಕೊಂಡೆ. ಅದಕ್ಕೇ ಪ್ರತಿ ಸಾಲು ಬರೆದ ಮೇಲೂ ಡಿಸ್ಕ್‌ಗೆ ಹೋಗಿದೆ ಎಂದು ಖಚಿತ ಮಾಡಿಕೊಳ್ಳುತ್ತಿದ್ದೆ.

ಕರ್ನಲ್‌ಕಟ್ಟೆ:
ನಿಮ್ಮ ಆತಂಕ ಸರಿಯಾದದ್ದೇ. ಅದಕ್ಕೆ ದಾರಿ ಮಾತ್ರ ಬೇರೆ. ತಿರುಗುವ ಹಾರ್ಡ್‌ಡಿಸ್ಕ್‌ಗೆ ಒಂದು ಎಫ್‌ಸಿಂಕ್ ಅಂದರೆ 10–20 ಮಿಲಿಸೆಕೆಂಡು ಸುಲಭವಾಗಿ ಹೋಗುತ್ತದೆ. ನಿಮ್ಮದು ಸರಾಸರಿ 15. 16,000 ಸಲ ಎಂದರೆ 4 ನಿಮಿಷ.

ಹೀಗೆ ಮಾಡಿ. ಪರಿವರ್ತನೆಯಾದ ಪಠ್ಯವನ್ನೆಲ್ಲ ಬೇರೊಂದು ತಾತ್ಕಾಲಿಕ ಹೆಸರಿನ ಫೈಲ್‌ಗೆ ಬರೆಯಿರಿ. ಕೊನೆಯಲ್ಲಿ ಒಂದೇ ಒಂದು ಎಫ್‌ಸಿಂಕ್. ಆಮೇಲೆ ಅದಕ್ಕೆ ನಿಜವಾದ ಹೆಸರು ಕೊಡಿ, ಪೈಥಾನ್‌ನಲ್ಲಿ ಓಎಸ್ ರಿಪ್ಲೇಸ್ ಇದೆ. ನಡುವೆ ಕರೆಂಟ್ ಹೋದರೆ ತಾತ್ಕಾಲಿಕ ಫೈಲ್ ಹಾಳಾಗಬಹುದು. ಆದರೆ ಸರಿಯಾದ ಹೆಸರಿನಲ್ಲಿ ಅರ್ಧಂಬರ್ಧ ಫೈಲ್ ಇರುವುದಿಲ್ಲ. ಮತ್ತೆ ಓಡಿಸಿದರೆ ಆಯಿತು, ಅದು ಕೆಲವೇ ಸೆಕೆಂಡಿನ ಕೆಲಸ.

ಒಂದು ಎಚ್ಚರಿಕೆ. ಸಿಪ್ರೊಫೈಲ್ ಗಡಿಯಾರದ ಸಮಯ ಅಳೆಯುತ್ತದೆ, ಹಾಗಾಗಿ ಕಾಯುವುದೂ ಅದರಲ್ಲಿ ಕಂಡಿತು. ಲಿನಕ್ಸ್‌ನ ಪರ್ಫ್ ಥರದ ಪ್ರೊಫೈಲರ್ ಸಾಮಾನ್ಯವಾಗಿ ಸಿಪಿಯು ಓಡುತ್ತಿರುವಾಗ ಮಾತ್ರ ಸ್ಯಾಂಪಲ್ ತೆಗೆಯುತ್ತದೆ, ಅಂದರೆ ಪ್ರೋಗ್ರಾಂ ಎಲ್ಲಿದೆ ಎಂದು ಆಗಾಗ ನೋಡುತ್ತದೆ. ಈ 4 ನಿಮಿಷ ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಪ್ರೊಫೈಲರ್‌ನಲ್ಲಿ ಏನೂ ಕಾಣುತ್ತಿಲ್ಲ ಆದರೂ ನಿಧಾನ ಎಂದು ಹೇಳುವವರನ್ನು ನಾನು ವಾರಕ್ಕೆ ಒಬ್ಬರಾದರೂ ನೋಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಅವರು ಕಾಯುವ ಸಮಯವನ್ನು ಅಳೆದೇ ಇರುವುದಿಲ್ಲ.

ಪುತ್ತೂರುವೆಬ್:
ಈ ಕಾಯುವ ವಿಷಯ ವೆಬ್‌ನಲ್ಲಿ ಇನ್ನೂ ಜಾಸ್ತಿ. ನಮ್ಮ ಒಂದು ಪುಟದಲ್ಲಿ 300 ಆರ್ಡರ್‌ಗಳ ಪಟ್ಟಿ ಬರುತ್ತಿತ್ತು. ಪೈಥಾನ್‌ನ ಜಾಂಗೋ ಎಂಬ ವೆಬ್ ಚೌಕಟ್ಟಿನಲ್ಲಿ ಬರೆದದ್ದು. ಯಾವ ಫಂಕ್ಷನ್ ನೋಡಿದರೂ ಸಲಕ್ಕೆ 2 ಮಿಲಿಸೆಕೆಂಡು. ನಿಧಾನದ್ದು ಒಂದೂ ಇಲ್ಲ. ಕರೆಗಳನ್ನು ಎಣಿಸಿದಾಗ ಡೇಟಾಬೇಸ್‌ಗೆ 601 ಸಲ ಹೋಗುತ್ತಿತ್ತು. ಪಟ್ಟಿಗೆ ಒಂದು, ಆಮೇಲೆ ಪ್ರತಿ ಆರ್ಡರ್‌ಗೆ ಗಿರಾಕಿಯ ಹೆಸರಿಗೊಂದು, ವಿಳಾಸಕ್ಕೊಂದು. ಸಂಬಂಧಪಟ್ಟ ಮಾಹಿತಿಯನ್ನೂ ಜೊತೆಗೇ ತರುವ ಸೆಲೆಕ್ಟ್ ರಿಲೇಟೆಡ್ ಹಾಕಿ ಎಲ್ಲವನ್ನೂ ಒಂದೇ ಕ್ವೆರಿಗೆ ತಂದೆವು. ಸಮಯದ ಕಾಲಂಗಿಂತ ಎಣಿಕೆಯ ಕಾಲಂ ಮೊದಲು ನೋಡುವ ಅಭ್ಯಾಸ ನನಗೆ ಬಂದದ್ದು ಅಂದಿನಿಂದ.

ಜಾವಾಮಲ್ಲಿಗೆ:
ಎಣಿಕೆ ಮುಖ್ಯ, ನಿಜ. ಆದರೆ ಪ್ರತಿ ಕರೆಯನ್ನೂ ಹಿಡಿಯುವ ಸಾಧನ ಕೆಲವು ಸಲ ದಾರಿ ತಪ್ಪಿಸುತ್ತದೆ. ನನಗೆ ಆದದ್ದು ಹೇಳುತ್ತೇನೆ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಜಾವಾ ಸರ್ವಿಸ್ ನಿಧಾನವಾಗಿತ್ತು. ಪ್ರತಿ ಮೆಥಡ್‌ನ (ಜಾವಾದಲ್ಲಿ ಫಂಕ್ಷನ್‌ಗೆ ಹೀಗೆನ್ನುತ್ತಾರೆ) ಒಳಗೆ ಹೋಗುವಾಗ, ಹೊರಗೆ ಬರುವಾಗ ಸಮಯ ಬರೆದುಕೊಳ್ಳುವ ಪ್ರೊಫೈಲರ್ ಹಾಕಿದೆ. ಪಟ್ಟಿಯ ತುದಿಗೆ ಬಂದದ್ದು ಒಂದು ಪುಟಾಣಿ ಗೆಟರ್. ಒಂದು ಫೀಲ್ಡ್ ವಾಪಸ್ ಕೊಡುವುದು ಬಿಟ್ಟು ಅದು ಬೇರೇನೂ ಮಾಡುವುದಿಲ್ಲ. ಕೋಟಿಗಟ್ಟಲೆ ಸಲ ಕರೆಯಲ್ಪಡುತ್ತಿತ್ತು. ಅದನ್ನು ತಪ್ಪಿಸಲು ಒಂದು ವಾರ ಒದ್ದಾಡಿದೆ. ಸರ್ವಿಸ್ ಕೂದಲೆಳೆಯಷ್ಟೂ ವೇಗವಾಗಲಿಲ್ಲ.

ಕಾರಣ ಇಷ್ಟೇ. ಆ ಗೆಟರ್‌ನ ಕೆಲಸಕ್ಕಿಂತ ಸಮಯ ಬರೆದುಕೊಳ್ಳುವ ಕೆಲಸವೇ ಹತ್ತಾರು ಪಟ್ಟು ದೊಡ್ಡದು. ಮಾಮೂಲಿಯಾಗಿ ಓಡುವಾಗ ಜಾವಾದ ಜಿಟ್ ಕಂಪೈಲರ್ (ಓಡುತ್ತಿರುವಾಗಲೇ ಕೋಡ್ ಅನ್ನು ಯಂತ್ರಭಾಷೆಗೆ ತಿರುಗಿಸುವಂಥದ್ದು) ಅಂಥ ಸಣ್ಣ ಮೆಥಡ್‌ಗಳನ್ನು ಕರೆದವರ ಕೋಡ್ ಒಳಗೇ ಸೇರಿಸಿ, ಕರೆಯನ್ನೇ ಇಲ್ಲವಾಗಿಸುತ್ತದೆ. ಪ್ರೊಫೈಲರ್ ತುರುಕಿದ ಕೋಡ್ ಅದಕ್ಕೂ ಅಡ್ಡ ಬರುತ್ತದೆ. ನಾನು ಅಳೆದದ್ದು ನಮ್ಮ ಸರ್ವಿಸ್ ಅನ್ನು ಅಲ್ಲ, ಪ್ರೊಫೈಲರ್ ಹೊತ್ತುಕೊಂಡು ನಡೆಯುತ್ತಿದ್ದ ಬೇರೊಂದು ಪ್ರೋಗ್ರಾಂ ಅನ್ನು.

ಆಮೇಲೆ ಸ್ಯಾಂಪಲ್ ತೆಗೆಯುವ ಪ್ರೊಫೈಲರ್ ಹಾಕಿದೆ. ಅದು ಸೆಕೆಂಡಿಗೆ ನೂರರಷ್ಟು ಸಲ ಪ್ರೋಗ್ರಾಂ ಈಗ ಎಲ್ಲಿದೆ ಎಂದು ಇಣುಕಿ ನೋಡುತ್ತದೆ, ಅಷ್ಟೇ. ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು. ಲಾಗ್ ಬರೆಯುವ ಕಡೆ ಪ್ರತಿ ಸಾಲಿಗೂ ದಿನಾಂಕ ಜೋಡಿಸುವ ಹೊಸ ಆಬ್ಜೆಕ್ಟ್ ಸೃಷ್ಟಿಯಾಗುತ್ತಿತ್ತು.

ಜಾವಾದವರಿಗೆ ಇನ್ನೊಂದು ಮಾತು. ಎಲ್ಲ ಸ್ಯಾಂಪ್ಲಿಂಗ್ ಪ್ರೊಫೈಲರ್‌ಗಳೂ ನಂಬಿಕಸ್ಥ ಅಲ್ಲ. ಕೆಲವು ಸೇಫ್‌ಪಾಯಿಂಟ್ ಎಂಬ, ಪ್ರೋಗ್ರಾಂ ಅನ್ನು ಸುರಕ್ಷಿತವಾಗಿ ನಿಲ್ಲಿಸಬಹುದಾದ ಜಾಗಗಳಲ್ಲಿ ಮಾತ್ರ ಇಣುಕುತ್ತವೆ. ಹಾಗಾಗಿ ನಿಜವಾಗಿ ಸಮಯ ತಿನ್ನುವ ಜಾಗದ ಬದಲು ಅದರ ಪಕ್ಕದ್ದನ್ನು ತೋರಿಸುತ್ತವೆ. 2010ರ ಒಂದು ಅಧ್ಯಯನದಲ್ಲಿ ಆಗ ಬಳಕೆಯಲ್ಲಿದ್ದ ನಾಲ್ಕು ಜಾವಾ ಪ್ರೊಫೈಲರ್‌ಗಳನ್ನು ಒಂದೇ ಪ್ರೋಗ್ರಾಂ ಮೇಲೆ ಓಡಿಸಿದರು. ಅವುಗಳಲ್ಲೇ ಒಮ್ಮತ ಇರಲಿಲ್ಲ! ಏಸಿಂಕ್ ಪ್ರೊಫೈಲರ್ ಎಂಬುದು ಈ ಸೇಫ್‌ಪಾಯಿಂಟ್ ತೊಂದರೆ ಇಲ್ಲದ ಹಾಗೆ ಮಾಡಿದ್ದು. ನಾನೀಗ ಅದನ್ನೇ ಬಳಸುತ್ತೇನೆ.

ಹಳೇಕಂಪೈಲರ್:
ಮಲ್ಲಿಗೆಯವರು ಹೇಳಿದ್ದು ಸಿಪ್ರೊಫೈಲ್‌ಗೂ ಅನ್ವಯಿಸುತ್ತದೆ. ಅದೂ ಪ್ರತಿ ಕರೆ ಹಿಡಿಯುವಂಥದ್ದೇ. ಸಣ್ಣ ಫಂಕ್ಷನ್‌ಗಳು ಇರುವುದಕ್ಕಿಂತ ದಪ್ಪಗೆ ಕಾಣುತ್ತವೆ. ಅಕ್ಷರಜೋಡಣೆಯವರ ಜಾಯಿನ್ ಒಂದೊಂದು ಕರೆಯೂ ಭಾರಿಯಾಗಿದ್ದರಿಂದ ಇಲ್ಲಿ ತೊಂದರೆ ಆಗಲಿಲ್ಲ.

ಜಿಪ್ರೊಫ್‌ನಲ್ಲೂ ಒಂದು ಗುಟ್ಟು ಇದೆ, ಅದನ್ನು ಬಳಸುವ ಹಲವರಿಗೆ ಗೊತ್ತಿರುವುದಿಲ್ಲ. ಎಷ್ಟು ಸಲ ಕರೆದರು ಎಂಬುದನ್ನು ಅದು ನಿಖರವಾಗಿ ಎಣಿಸುತ್ತದೆ. ಮೈನಸ್ ಪಿಜಿ ಕೊಟ್ಟು ಕಂಪೈಲ್ ಮಾಡಿದಾಗ ಪ್ರತಿ ಫಂಕ್ಷನ್ ಶುರುವಿನಲ್ಲಿ ಎಣಿಸುವ ಒಂದು ಕರೆ ಸೇರುತ್ತದೆ. ಆದರೆ ಸಮಯವನ್ನು ಸ್ಯಾಂಪಲ್‌ನಿಂದ ಅಂದಾಜು ಮಾಡುತ್ತದೆ. ಆಮೇಲೆ ಆ ಸಮಯವನ್ನು ಕರೆದವರಿಗೆ ಹಂಚುವಾಗ ಎಲ್ಲ ಕರೆಗಳೂ ಒಂದೇ ಸಮಯ ಹಿಡಿದವು ಎಂದು ಊಹಿಸಿಕೊಳ್ಳುತ್ತದೆ. ಒಬ್ಬರು 10 ಅಂಕಿಯ ಪಟ್ಟಿ ಕೊಟ್ಟು 99 ಸಲ ಸಾರ್ಟ್ ಕರೆದರು, ಇನ್ನೊಬ್ಬರು ಒಂದು ಕೋಟಿಯ ಪಟ್ಟಿ ಕೊಟ್ಟು ಒಂದೇ ಸಲ ಕರೆದರು ಅನ್ನಿ. ಜಿಪ್ರೊಫ್ ಶೇಕಡಾ 99 ತಪ್ಪನ್ನು ಮೊದಲನೆಯವರ ತಲೆಗೆ ಕಟ್ಟುತ್ತದೆ. ಸಿ ಕೋಡ್‌ಗೆ ನಾನೀಗ ಪರ್ಫ್ ಬಳಸುತ್ತೇನೆ. ಅದು ಪ್ರತಿ ಸ್ಯಾಂಪಲ್‌ನಲ್ಲೂ ಕರೆಗಳ ಇಡೀ ಸರಪಳಿ ಹಿಡಿಯುವುದರಿಂದ ಈ ಊಹೆಯ ಅಗತ್ಯ ಇಲ್ಲ. ನಿಧಾನವಾದರೂ ಪರವಾಗಿಲ್ಲ, ನಿಖರ ಎಣಿಕೆ ಬೇಕು ಎಂದರೆ ವಾಲ್‌ಗ್ರೈಂಡ್‌ನ ಕಾಲ್‌ಗ್ರೈಂಡ್ ಇದೆ. ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನವಾಗುತ್ತದೆ, ಸಣ್ಣ ಇನ್‌ಪುಟ್ ಕೊಟ್ಟು ಓಡಿಸಬೇಕು.

ಮೈಸೂರುಮಧ್ಯಾಹ್ನ:
ಪರ್ಫ್ ನಾನೂ ಒಮ್ಮೆ ಓಡಿಸಿದ್ದೆ. ಸರಪಳಿ ಬರಲೇ ಇಲ್ಲ. ಅರ್ಧಕ್ಕೆ ತುಂಡಾಗಿ, ಹೆಸರಿನ ಜಾಗದಲ್ಲಿ ಬರೀ ಅನ್‌ನೋನ್ ಎಂದು ಬರುತ್ತಿತ್ತು. ಪ್ರಿಂಟ್‌ಗೆ ವಾಪಸ್ ಬಂದದ್ದು ಅದಕ್ಕೇ.

ಕರ್ನಲ್‌ಕಟ್ಟೆ:
ಅದು ಫ್ರೇಮ್ ಪಾಯಿಂಟರ್ ಸಮಸ್ಯೆ ಇರಬೇಕು. ಯಾರು ಯಾರನ್ನು ಕರೆದರು ಎಂದು ಹಿಂದಕ್ಕೆ ಹೋಗಲು ಪರ್ಫ್‌ಗೆ ಸುಲಭದ ದಾರಿ ಅದು. ಒಂದು ರಿಜಿಸ್ಟರ್ (ಸಿಪಿಯು ಒಳಗಿನ ಪುಟ್ಟ ನೆನಪಿನ ಜಾಗ) ಉಳಿಸಲು ಕಂಪೈಲರ್‌ಗಳು ಅದನ್ನು ತೆಗೆದುಹಾಕುತ್ತಿದ್ದವು. ನಿಮ್ಮ ಕೋಡ್ ಕಂಪೈಲ್ ಮಾಡುವಾಗ ಎಫ್‌-ನೋ-ಓಮಿಟ್-ಫ್ರೇಮ್-ಪಾಯಿಂಟರ್ ಆಯ್ಕೆ ಕೊಡಿ. ನೀವು ಬಳಸುವ ಲೈಬ್ರರಿಗಳಲ್ಲೂ ಅದು ಇರಬೇಕು. ಇದಕ್ಕಾಗಿ ತುಂಬಾ ಚರ್ಚೆ ನಡೆದು, 2023ರಲ್ಲಿ ಬಂದ ಫೆಡೋರಾ 38 ಲಿನಕ್ಸ್ ತನ್ನ ಪ್ಯಾಕೇಜ್‌ಗಳಲ್ಲಿ ಅದನ್ನು ಮತ್ತೆ ತಂದಿತು. ಉಬುಂಟು 24.04 ಕೂಡ ಹಾಗೇ ಮಾಡಿತು. ಈಗ ಹೊಸ ವ್ಯವಸ್ಥೆಯಲ್ಲಿ ಇನ್ನೊಮ್ಮೆ ಓಡಿಸಿ ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ. ಪೈಥಾನ್ ಕೂಡ 3.12ರಿಂದ ತನ್ನ ಫಂಕ್ಷನ್‌ಗಳ ಹೆಸರನ್ನು ಪರ್ಫ್‌ಗೆ ತೋರಿಸಬಲ್ಲದು.

ಸರಪಳಿ ಸರಿಯಾಗಿ ಬಂದ ಮೇಲೆ ಫ್ಲೇಮ್ ಗ್ರಾಫ್ ಮಾಡಿ. 2011ರಲ್ಲಿ ಬ್ರೆಂಡನ್ ಗ್ರೆಗ್ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಒಂದು ಸಮಸ್ಯೆ ಹುಡುಕುವಾಗ ಮಾಡಿದ್ದು. ಸಾವಿರಾರು ಸ್ಯಾಂಪಲ್‌ಗಳು ಒಂದೇ ಚಿತ್ರದಲ್ಲಿ ಕಾಣುತ್ತವೆ. ಕೆಳಗಿನ ಅಡ್ಡಪಟ್ಟಿ ಕರೆದವರು, ಅದರ ಮೇಲಿನದು ಕರೆಸಿಕೊಂಡವರು. ಅಗಲ ಜಾಸ್ತಿ ಇದ್ದಷ್ಟೂ ಸಮಯ ಜಾಸ್ತಿ. ಎಡದಿಂದ ಬಲಕ್ಕೆ ಕಾಲ ಹರಿಯುತ್ತದೆ ಎಂದು ಓದಬೇಡಿ. ಅಡ್ಡ ಸಾಲಿನಲ್ಲಿ ಹೆಸರುಗಳು ಅಕಾರಾದಿಯಾಗಿ ಕೂತಿರುತ್ತವೆ, ಅಷ್ಟೇ.

ಹೊಸಬ2ನೇವರ್ಷ:
ಕರ್ನಲ್ ಒಳಗಿನ ಫಂಕ್ಷನ್‌ಗಳನ್ನೂ ಹೀಗೆ ಹಿಂಬಾಲಿಸಬಹುದಾ?

ಕರ್ನಲ್‌ಕಟ್ಟೆ:
ಬಹುದು, ಅದು ನನಗೆ ತುಂಬಾ ಇಷ್ಟದ ವಿಷಯ. ಎಫ್‌ಟ್ರೇಸ್ ಎಂದು ಹೆಸರು. ಸ್ಟೀವನ್ ರಾಸ್ಟೆಡ್ ಬರೆದದ್ದು, 2008ರಲ್ಲಿ ಲಿನಕ್ಸ್ 2.6.27ಕ್ಕೆ ಸೇರಿತು. ಅದರ ಜಾಣತನ ನೋಡಿ. ಕರ್ನಲ್ ಕಂಪೈಲ್ ಆಗುವಾಗ ಪ್ರತಿ ಫಂಕ್ಷನ್ ಶುರುವಿನಲ್ಲಿ ಒಂದು ಕರೆಗೆ ಜಾಗ ಬಿಟ್ಟಿರುತ್ತದೆ. ಜಿಪ್ರೊಫ್ ಮಾಡುತ್ತಿದ್ದದ್ದೇ. ಆದರೆ ಆ ಜಾಗದಲ್ಲಿ ಏನೂ ಮಾಡದ ‘ನಾಪ್’ ಸೂಚನೆ ತುಂಬಿರುತ್ತದೆ. ನಾವು ಟ್ರೇಸ್ ಆನ್ ಮಾಡಿದಾಗ, ಓಡುತ್ತಿರುವ ಕರ್ನಲ್‌ನಲ್ಲೇ, ಕೇಳಿದ ಫಂಕ್ಷನ್‌ಗಳಲ್ಲಿ ಮಾತ್ರ ನಾಪ್ ಹೋಗಿ ನಿಜವಾದ ಕರೆ ಬಂದು ಕೂರುತ್ತದೆ. ಆಫ್ ಮಾಡಿದರೆ ಮತ್ತೆ ನಾಪ್. ಬಳಸದೆ ಇರುವಾಗ ಖರ್ಚು ಇಲ್ಲವೆನ್ನುವಷ್ಟು ಕಮ್ಮಿ.

ಫಂಕ್ಷನ್ ಗ್ರಾಫ್ ಆಯ್ಕೆ ಮಾಡಿದರೆ ಯಾರು ಯಾರನ್ನು ಕರೆದರು ಎಂಬುದು ಸಿ ಕೋಡ್ ಥರವೇ ಆವರಣ ಚಿಹ್ನೆಗಳೊಂದಿಗೆ, ಒಳಗೆ ಸರಿದು ಕಾಣುತ್ತದೆ. ಪಕ್ಕದಲ್ಲಿ ಹಿಡಿದ ಸಮಯ. 10 ಮೈಕ್ರೋಸೆಕೆಂಡು ದಾಟಿದರೆ ಕೂಡಿಸುವ ಚಿಹ್ನೆ, 100 ದಾಟಿದರೆ ಆಶ್ಚರ್ಯ ಚಿಹ್ನೆ.

ನಾನು ಕೆಲಸ ಮಾಡಿದ ಒಂದು ಬೋರ್ಡ್ ಆನ್ ಆಗುವಾಗ 2 ಸೆಕೆಂಡು ಸುಮ್ನೆ ನಿಂತುಬಿಡುತ್ತಿತ್ತು. ಮೆಮೊರಿ ನಿಧಾನ ಎಂದು ಒಬ್ಬರು, ಫ್ಲಾಶ್ ನಿಧಾನ ಎಂದು ಇನ್ನೊಬ್ಬರು ವಾದಿಸುತ್ತಿದ್ದರು. ಫಂಕ್ಷನ್ ಗ್ರಾಫ್ ತೆಗೆದೆ. ಟಚ್ ಸ್ಕ್ರೀನ್ ಡ್ರೈವರ್ ತನ್ನ ಚಿಪ್ ಉತ್ತರ ಕೊಡುತ್ತದಾ ಎಂದು ಕೇಳುವುದು, 20 ಮಿಲಿಸೆಕೆಂಡು ಮಲಗುವುದು, ಮತ್ತೆ ಕೇಳುವುದು. ಹೀಗೆ 100 ಸಲ. ಆ ಮಾದರಿಯ ಬೋರ್ಡ್‌ಗೆ ಟಚ್ ಚಿಪ್ ಅಳವಡಿಸಿಯೇ ಇರಲಿಲ್ಲ! ಇಲ್ಲದ ಚಿಪ್‌ಗಾಗಿ ಪ್ರತಿ ಸಲ 2 ಸೆಕೆಂಡು ಕಾಯುತ್ತಿದ್ದೆವು. ಮೆಮೊರಿ, ಫ್ಲಾಶ್ ಎರಡೂ ಸರಿಯಾಗಿಯೇ ಇದ್ದವು.

ಕಲಿಯಬೇಕು ಎಂದಿದ್ದರೆ ಮೊದಲು ಎಫ್‌ಟ್ರೇಸ್ ನಡೆಸುವ ಟ್ರೇಸ್-ಸಿಎಂಡಿ ಎಂಬ ಕಮಾಂಡ್ ಹಾಕಿಕೊಳ್ಳಿ, ಎಫ್‌ಟ್ರೇಸ್‌ನ ಫೈಲ್‌ಗಳಿಗೆ ನೇರ ಬರೆಯುವುದಕ್ಕಿಂತ ಸುಲಭ. ಎಲ್ಲ ಫಂಕ್ಷನ್‌ಗಳನ್ನೂ ಒಮ್ಮೆಗೇ ಹಿಡಿಯಬೇಡಿ. ಒಂದು ಫಂಕ್ಷನ್ ಆರಿಸಿ, ಆಳ ಎರಡು ಮೂರಕ್ಕೆ ನಿಲ್ಲಿಸಿ.

ಅಕ್ಷರಜೋಡಣೆ:
ಎಲ್ಲ ಓದಿದೆ, ಕೆಲವು ಎರಡೆರಡು ಸಲ. ಎಫ್‌ಸಿಂಕ್ ಕೊನೆಗೆ ಒಂದೇ ಸಲ ಮಾಡಿದೆ, ತಾತ್ಕಾಲಿಕ ಹೆಸರಿನ ಉಪಾಯವೂ ಹಾಕಿದೆ. ದೊಡ್ಡ ಫೈಲ್ ಈಗ 10 ಸೆಕೆಂಡು.

ಪುತ್ತೂರುವೆಬ್ ಅವರು ಹೇಳಿದ ಹಾಗೆ ಎಣಿಕೆ ಕಾಲಂ ನೋಡಿದೆ. ‘ಓಪನ್’ 16,000ಕ್ಕೂ ಮೇಲೆ! ಯಾವ ಗುರುತಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಪ್ರತಿ ಸಾಲಿಗೂ ಹೊಸದಾಗಿ ಫೈಲ್‌ನಿಂದ ಓದುತ್ತಿದ್ದೆ. ಅದನ್ನು ಹೊರಗೆ ತಂದು ಒಂದೇ ಸಲ ಓದಿಸಿದೆ. ಈಗ 3 ಸೆಕೆಂಡು.

57 ನಿಮಿಷದಿಂದ 3 ಸೆಕೆಂಡಿಗೆ! ಎಲ್ಲರಿಗೂ ತುಂಬು ಹೃದಯದ ಧನ್ಯವಾದ.

ಹಳೇಕಂಪೈಲರ್:
ತುಂಬಾ ಸಂತೋಷ. ಹಳೆಯ ಪ್ರೋಗ್ರಾಂ ಕೊಟ್ಟ ಫಲಿತಾಂಶವನ್ನೂ ಹೊಸದು ಕೊಟ್ಟದ್ದನ್ನೂ ಹೋಲಿಸಿ ನೋಡಿದಿರಾ? ಅಕ್ಷರ ಅಕ್ಷರವೂ ಒಂದೇ ಇರಬೇಕು.

ಅಕ್ಷರಜೋಡಣೆ:
ಇಲ್ಲ ಸರ್, ನೋಡಿರಲಿಲ್ಲ. ಈಗ ನೋಡುತ್ತೇನೆ.

ಅಕ್ಷರಜೋಡಣೆ:
ಕೇಳಿದ್ದು ಎಷ್ಟು ಒಳ್ಳೆಯದಾಯಿತು! ಎರಡು ಫೈಲ್ ಹೋಲಿಸುವ ‘ಡಿಫ್’ ಹಾಕಿದರೆ ಸಾವಿರಾರು ಸಾಲು ಬೇರೆ ಬಂತು. ‘ಕ್ರಿಯೆ’, ‘ಪ್ರೀತಿ’ ಇರಬೇಕಾದ ಕಡೆ ಗುಡಿಸು ಮೊದಲು ಬಂದು, ಒತ್ತು ಆಮೇಲೆ ಒಂಟಿಯಾಗಿ ನಿಂತಿತ್ತು.

ಅರ್ಧ ದಿನ ತಲೆಕೆಡಿಸಿಕೊಂಡು ಹುಡುಕಿದೆ. ಹಳೆಯ ಕೋಡ್ ಎಲ್ಲವನ್ನೂ ಜಾಯಿನ್ ಮಾಡಿ ಕೊನೆಯ ಅಕ್ಷರ ತೆಗೆಯುತ್ತಿತ್ತು, ಹಾಗಾಗಿ ಅದಕ್ಕೆ ಗುಡಿಸು ಒಂದೇ ಸಿಗುತ್ತಿತ್ತು. ಹೊಸ ಕೋಡ್ ಪಟ್ಟಿಯ ಕೊನೆಯ ತುಂಡನ್ನು ತೆಗೆಯುತ್ತದೆ. ನುಡಿಯಲ್ಲಿ ‘ಕಿ’ ಇಡಿಯಾಗಿ ಒಂದೇ ಗುರುತು. ಹಾಗಾಗಿ ಆ ತುಂಡಿನಲ್ಲಿ ‘ಕ’ ಮತ್ತು ಗುಡಿಸು ಎರಡೂ ಇವೆ. ಇದು ಸ್ವರ ಚಿಹ್ನೆಯೇ ಎಂದು ಕೇಳಿದರೆ ಅಲ್ಲ ಎಂಬ ಉತ್ತರ ಬರುತ್ತಿತ್ತು. ಕೊನೆಯ ತುಂಡಿನ ಕೊನೆಯ ಅಕ್ಷರ ನೋಡುವ ಹಾಗೆ ತಿದ್ದಿದೆ.

ಈಗ ಡಿಫ್‌ನಲ್ಲಿ ಒಂದು ಸಾಲೂ ಬರುತ್ತಿಲ್ಲ. ಸಮಯ ಅದೇ 3 ಸೆಕೆಂಡು. 1,400 ಫೈಲ್‌ಗಳನ್ನೂ ಓಡಿಸಿದೆ, 5 ನಿಮಿಷದೊಳಗೆ ಮುಗಿಯಿತು. ಅಪ್ಪ ಈಗ ಅಭಿನಂದನಾ ಗ್ರಂಥವನ್ನು ಫೋನಿನಲ್ಲಿ ತೆರೆದುಕೊಂಡು ಕೂತಿದ್ದಾರೆ. 112ನೇ ಪುಟದಲ್ಲಿ ತಾವು ಅಂದು ಮಾಡಿದ ಒಂದು ಅಕ್ಷರದೋಷ ಹಿಡಿದು, ಅದನ್ನು ತಿದ್ದಿಕೊಡು ಎನ್ನುತ್ತಿದ್ದಾರೆ.